ಊಟಕ್ಕೆ ಮೊದಲು ಕೈ ತೊಳೆಯುವುದು ಹೇಗೆ?

ಊಟವಾದ ಮೇಲೆ ಜಿಡ್ಡು ಹೋಗುವ ತನಕ ಸೋಪು ಹಾಕಿ ಉಜ್ಜುತ್ತೇವೆ. ಊಟಕ್ಕೆ ಕೂರುವ ಮುನ್ನ ಮಾತ್ರ ಬೆರಳ ತುದಿಯನ್ನು ನಲ್ಲಿಗೆ ತೋರಿಸಿ ಬಂದುಬಿಡುತ್ತೇವೆ. ವಾಂತಿಭೇದಿ, ಟೈಫಾಯ್ಡ್ ತರುವ ರೋಗಾಣುಗಳಿಗೆ ಬೇಕಾದ್ದೂ ಅಷ್ಟೇ. ಮುದ್ದೆ ಮುರಿಯುವುದು, ಅನ್ನ ಕಲಸುವುದು ಬೆರಳ ತುದಿಯಿಂದ. ಕೊಳೆ ಹೆಚ್ಚು ಕೂರುವುದೂ ಅಲ್ಲೇ, ಉಗುರಿನಡಿ.

ಉಂಗುರ ತೆಗೆದಿಟ್ಟು, ಬಳೆ ಮೇಲಕ್ಕೆ ಸರಿಸಿ, ಮಣಿಕಟ್ಟಿನವರೆಗೆ ಕೈ ನೆನೆಸಿ. ತಣ್ಣೀರು ಸಾಕು. ನಲ್ಲಿ ನಿಲ್ಲಿಸಿದ ಮೇಲೆ ಸೋಪು ಹಚ್ಚಿ. ಹರಿಯುವ ನೀರಿನಡಿಯೇ ಉಜ್ಜಿದರೆ ನೊರೆ ಏಳುವ ಮೊದಲೇ ಕೊಚ್ಚಿಹೋಗುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಸೋಪು ಇನ್ನಷ್ಟು ಬೇಕು. ಮೈಸೋಪೇ ಸಾಕು, ‘ರೋಗಾಣುನಾಶಕ’ ಎಂದು ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಈಗ ಅಂಗೈಗೆ ಅಂಗೈ ಉಜ್ಜಿ. ನಂತರ ಎರಡೂ ಕೈಗಳ ಹಿಂಬದಿ, ಬೆರಳ ಸಂದು. ಹೆಬ್ಬೆರಳನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದು ತಿರುಗಿಸಿ. ಅಂಗೈ ಉಜ್ಜುವಾಗ ಹೊರಗೇ ಉಳಿಯುವ ಬೆರಳು ಅದು. ಕೊನೆಗೆ ಐದೂ ತುದಿಗಳನ್ನು ಜೋಡಿಸಿ, ಎದುರು ಅಂಗೈಯ ನೊರೆಯಲ್ಲಿ ಚಂದನ ತೇದಂತೆ ಸುತ್ತಿಸಿ. ಉಜ್ಜುವುದಕ್ಕೇ ಕನಿಷ್ಠ 20 ಸೆಕೆಂಡು ಬೇಕು. ನೆನೆಸಿ, ಉಜ್ಜಿ, ತೊಳೆದು, ಒರೆಸುವ ತನಕ 40ರಿಂದ 60 ಸೆಕೆಂಡು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಮಕ್ಕಳು ನಂಬದಿದ್ದರೆ ಒಂದು ಪರೀಕ್ಷೆ ಮಾಡಿಸಿ. ಅರ್ಧ ಚಮಚ ಅಡುಗೆ ಎಣ್ಣೆಗೆ ಚಿಟಿಕೆ ಚಕ್ಕೆ ಪುಡಿ ಬೆರೆಸಿ ಕೈಗೆಲ್ಲ ಹಚ್ಚಿ, ಎಂದಿನಂತೆ ತೊಳೆಯಲು ಹೇಳಿ. ಕಂದು ಪುಡಿ ಎಲ್ಲಿ ಉಳಿಯಿತೋ ಅಲ್ಲಿ ಕೈ ಆಡಿಲ್ಲ. ಉಗುರಿನ ಅಂಚು ನೋಡಲು ಮರೆಯಬೇಡಿ.

ಕೊಳೆ ಕೈಯಲ್ಲಿ ತಿರುಗಿಸಿದ ನಲ್ಲಿಯನ್ನೇ ತೊಳೆದ ಕೈಯಲ್ಲಿ ಮತ್ತೆ ಮುಟ್ಟುತ್ತೇವಲ್ಲ, ಅದಕ್ಕೂ ಒಂದಿಷ್ಟು ನೊರೆ ಸವರಿ. ಬಕೆಟ್ಟು, ಚೊಂಬು ಬಳಸುವ ಮನೆಯಲ್ಲಿ ಬಕೆಟ್ಟಿನೊಳಗೆ ಕೈ ಅದ್ದಬೇಡಿ. ಇನ್ನೊಬ್ಬರು ನೀರು ಹೊಯ್ದರೆ ಒಳ್ಳೆಯದು. ಸೋಪಿನ ಡಬ್ಬಿಗೆ ತೂತಿರಲಿ, ನೀರು ನಿಂತರೆ ಸೋಪು ಲೋಳೆಯಾಗುತ್ತದೆ.

ಒರೆಸುವಾಗ ಬಹಳ ಮಂದಿ ಕೆಡಿಸಿಕೊಳ್ಳುತ್ತಾರೆ. ಒದ್ದೆ ಕೈಯಿಂದ ರೋಗಾಣು ಸುಲಭವಾಗಿ ದಾಟುತ್ತದೆ, ನಿಜ. ಆದರೆ ಸೆರಗು, ಲುಂಗಿ, ವಾರದಿಂದ ಮೊಳೆಗೆ ತೂಗುತ್ತಿರುವ ಟವೆಲ್ಲಿಗೆ ಒರೆಸಿದರೆ ತೊಳೆದದ್ದು ನೀರುಪಾಲು. ಒಗೆದ ಬಟ್ಟೆ ಇಲ್ಲವೇ? ಗಾಳಿಗೆ ಆರಲು ಬಿಡಿ.

ಪ್ರಯಾಣದಲ್ಲಿ ನೀರು ಸಿಗದಿದ್ದರೆ ಕನಿಷ್ಠ ಶೇ 60 ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಆದೀತು. ಅಂಗೈ ತುಂಬ ಹಾಕಿ, ಅದೇ ಕ್ರಮದಲ್ಲಿ ತಾನಾಗಿ ಆರುವ ತನಕ ಉಜ್ಜಬೇಕು, ನಡುವೆ ಒರೆಸಬಾರದು. ಮಣ್ಣು, ಜಿಡ್ಡು ಮೆತ್ತಿದ ಕೈಗೆ ಅದು ನಾಟುವುದಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಹಿಡಿದಿದ್ದರೆ ಸ್ಯಾನಿಟೈಸರ್ ನಂಬಿ ಕೂರಬೇಡಿ. ವಾಂತಿಭೇದಿ ತರುವ ನೊರೊವೈರಸ್ ಎಂಬ ವೈರಾಣು ಆಲ್ಕೋಹಾಲಿಗೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ ಉಜ್ಜಿ, ನೀರಲ್ಲಿ ಹರಿಯಬಿಡಬೇಕು.