ತರಬೇತಿ ಮುಗಿಯಿತು, ಕೆಲಸಕ್ಕೆ ಸೇರಿಸುವುದು ಹೇಗೆ?

ತರಬೇತಿ ಪಡೆದ ವಿಕಲಚೇತನರ ಕೈಗೆ ಪ್ರಮಾಣಪತ್ರ ಕೊಟ್ಟು ಫೋಟೊ ತೆಗೆಸುವಲ್ಲಿಗೇ ಎಷ್ಟೋ ಪುನರ್ವಸತಿ ಕಾರ್ಯಕ್ರಮಗಳು ನಿಂತುಬಿಡುತ್ತವೆ. ಅಲ್ಲಿಂದ ಪಗಾರದ ಕೆಲಸ ಕೈಗೂಡುವವರೆಗೆ ಜೊತೆಗಿರಬೇಕಾದವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಮತ್ತು ಮನೆಯವರು.

ಮೊದಲು ಕಾಗದಪತ್ರ. ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ), ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಇಲ್ಲದಿದ್ದರೆ ಪಿಎಫ್ (ಭವಿಷ್ಯನಿಧಿ) ಖಾತೆ ತೆರೆಯುವಾಗ ತೊಡಕಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟು ಮೀಸಲಾತಿ ಇದ್ದು, ಅದಕ್ಕೆ ಕನಿಷ್ಠ ಶೇ 40ರಷ್ಟು ವೈಕಲ್ಯ ದೃಢಪಟ್ಟಿರಬೇಕು. ನಮ್ಮ ಕಲ್ಯಾಣ ಕರ್ನಾಟಕ ಭಾಗದವರು ಸ್ಥಳೀಯ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವನ್ನೂ ಮಾಡಿಸಿಟ್ಟುಕೊಳ್ಳಬೇಕು. ಹಾಗೆಂದು ನೇಮಕಾತಿ ಅಧಿಸೂಚನೆಯನ್ನೇ ಕಾಯುತ್ತ ಮನೆಯಲ್ಲಿ ಕೂರುವುದು ಜಾಣತನವಲ್ಲ.

ಮುಂದಿನ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ: ಅಭ್ಯರ್ಥಿಯನ್ನು ಕರೆದೊಯ್ಯುವ ಮೊದಲು ಕೆಲಸದ ಜಾಗವನ್ನು ನೀವೇ ಹೋಗಿ ನೋಡಬೇಕು. ಬಳ್ಳಾರಿಯ ಜೀನ್ಸ್ ಘಟಕವೊಂದನ್ನೇ ತೆಗೆದುಕೊಳ್ಳಿ. ಹೊರಗಿನವರಿಗೆ ಅದು ಬರೀ ಹೊಲಿಗೆ ಕೆಲಸ. ಒಳಗೆ ಕತ್ತರಿಸುವುದು, ಜಿಪ್ ಕೂಡಿಸುವುದು, ಗುಂಡಿ ಹಾಕುವುದು, ಉಳಿದ ದಾರ ಕತ್ತರಿಸುವುದು, ಇಸ್ತ್ರಿ, ಮಡಿಕೆ, ಪ್ಯಾಕಿಂಗ್ ಎಲ್ಲವೂ ಬೇರೆ ಬೇರೆ ಕೈಗಳ ಕೆಲಸ. ಕಾಲಿನ ಶಕ್ತಿ ಕಡಿಮೆಯಿರುವವರಿಗೆ ಹೊಲಿಗೆ ಯಂತ್ರದ ಪೆಡಲ್ ಅಡ್ಡಿಯಾಗಬಹುದು, ಆದರೆ ದಾರ ಕತ್ತರಿಸುವ ಮೇಜಿನ ಮುಂದೆ ಆ ಅಡ್ಡಿಯೇ ಇಲ್ಲ. ಕಿವಿ ಕೇಳದವರಿಗೆ ಯಂತ್ರಗಳ ಸದ್ದು ಲೆಕ್ಕಕ್ಕಿಲ್ಲವಾದರೂ, ಮೇಸ್ತ್ರಿ ಹಿಂದಿನಿಂದ ಕೂಗಿ ಹೇಳುವ ಬದಲು ಎದುರಿಗೆ ಬಂದು ಮಾದರಿ ತೋರಿಸಬೇಕಾಗುತ್ತದೆ. ಶೌಚಾಲಯದ ಮೆಟ್ಟಿಲು, ಬಸ್ ನಿಲ್ದಾಣದಿಂದ ನಡೆಯಬೇಕಾದ ದೂರ, ಪಾಳಿ ಬಿಡುವ ಹೊತ್ತು, ಇವನ್ನೂ ಬರೆದುಕೊಳ್ಳಿ.

ಮಾಲೀಕರ ಮುಂದೆ 'ಪಾಪ, ಒಂದು ಅವಕಾಶ ಕೊಡಿ' ಎನ್ನಬೇಡಿ. ಕನಿಕರದಿಂದ ಸಿಕ್ಕ ಕೆಲಸ ಆರ್ಡರ್ ಕಡಿಮೆಯಾದ ದಿನವೇ ಹೋಗುತ್ತದೆ. ಅಭ್ಯರ್ಥಿಗೆ ಯಾವ ಕೆಲಸ ಬರುತ್ತದೆ, ಅದಕ್ಕೆ ಯಾವ ಸಣ್ಣ ಬದಲಾವಣೆ ಸಾಕು ಎಂದಷ್ಟೇ ಹೇಳಿ, ಅಲ್ಲೇ ಮಾಡಿ ತೋರಿಸಲು ಅನುಮತಿ ಕೇಳಿ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ಸಮಾನ ಅವಕಾಶ ನೀತಿಯಲ್ಲಿ ವಿಕಲಚೇತನರಿಗೆ ಹೊಂದುವ ಹುದ್ದೆಗಳ ಪಟ್ಟಿ ಇರಬೇಕೆಂಬುದು ನಿಯಮ. ಆದರೆ ಮೊದಲ ಭೇಟಿಯಲ್ಲೇ ಕಾಯ್ದೆ ಓದಿದರೆ ಬಾಗಿಲು ಮುಚ್ಚುವ ಸಂಭವವೇ ಹೆಚ್ಚು.

ಪಗಾರದ ಮಾತು ಸ್ಪಷ್ಟವಾಗಿರಲಿ. ಪೀಸ್ ಲೆಕ್ಕದಲ್ಲಿ, ಅಂದರೆ ಮಾಡಿದ ಒಂದೊಂದು ಪೀಸಿಗೆ ಇಷ್ಟು ಎಂಬ ಕೂಲಿಯಲ್ಲಿ, ಹೊಸಬರ ಕೈ ಪಳಗುವವರೆಗೆ ದುಡಿಮೆ ಕೈಗೆ ಹತ್ತುವುದಿಲ್ಲ; ಆದ್ದರಿಂದ ಆರಂಭದ ವಾರಗಳಿಗೆ ದಿನಗೂಲಿ ಗೊತ್ತುಮಾಡಿಕೊಳ್ಳಿ. ಪಿಎಫ್, ಇಎಸ್‌ಐ (ನೌಕರರ ವಿಮೆ) ಅನ್ವಯವಾಗುತ್ತವೆಯೇ ಎಂದು ಆಗಲೇ ಕೇಳಿಕೊಳ್ಳಿ.

ಸೇರಿದ ಮೇಲೆ ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಘಟಕಕ್ಕೆ ಹೋಗಿಬರಬೇಕು. ಕೆಲಸ ಬಿಡುವವರಲ್ಲಿ ಅನೇಕರು ಬಿಡುವುದು ಕೆಲಸ ಬಾರದೆ ಅಲ್ಲ, ಬಸ್ಸು ಹೊಂದದೆ ಅಥವಾ ಜೊತೆಯವರ ಗೇಲಿ ತಾಳದೆ. ಸರ್ಕಾರ ವಿಕಲಚೇತನರಿಗೆ ಕೊಡುವ ಮಾಸಾಶನ ನಿಂತೀತೆಂಬ ಹೆದರಿಕೆಯಿಂದ ಮನೆಯವರೇ ಬಿಡಿಸುವುದೂ ಉಂಟು. ಆದಾಯ ಮಿತಿಯ ವಿವರವನ್ನು ನಾಡಕಚೇರಿಯಲ್ಲಿ ಮೊದಲೇ ವಿಚಾರಿಸಿ, ಪಗಾರವನ್ನೂ ಮಾಸಾಶನವನ್ನೂ ಅಕ್ಕಪಕ್ಕ ಬರೆದು ಅವರಿಗೆ ತೋರಿಸಿ.