ಪುಸ್ತಕ ಮುಚ್ಚಿಟ್ಟು ಓದುವ ಕ್ರಮ

ಒಂದೇ ಪಾಠವನ್ನು ಮೂರನೇ ಸಲ ಓದುವಾಗ ಎಲ್ಲವೂ ಸಲೀಸು. ವಾಕ್ಯ ಶುರುವಾಗುತ್ತಿದ್ದಂತೆ ಮುಂದೇನೆಂದು ತಿಳಿಯುತ್ತದೆ, ಚಿತ್ರ ಪುಟದ ಯಾವ ಮೂಲೆಯಲ್ಲಿದೆ ಎಂಬುದೂ ಗೊತ್ತಿರುತ್ತದೆ. ಹೆಚ್ಚಿನವರು ಇದನ್ನೇ ‘ಪಾಠ ಬಂತು’ ಎಂದುಕೊಳ್ಳುತ್ತಾರೆ. ಆದರೆ ಪರೀಕ್ಷೆಯಲ್ಲಿ ಎದುರಿಗಿರುವುದು ಬಿಳಿ ಹಾಳೆ. ಕಂಡದ್ದನ್ನು ಗುರುತು ಹಿಡಿಯುವುದು ಒಂದು ಕೆಲಸ, ಕಾಣದ್ದನ್ನು ನೆನಪಿನಿಂದ ಎತ್ತಿ ಬರೆಯುವುದು ಇನ್ನೊಂದು. ಮನೆಯಲ್ಲಿ ಮೊದಲನೆಯದನ್ನು ಮಾತ್ರ ಮಾಡಿ ಹೋದವರು ಹಾಲ್‌ನಲ್ಲಿ ಕೂತು ‘ಓದಿದ್ದೆ, ಆದರೆ ಬರುತ್ತಿಲ್ಲ’ ಎಂದು ಪರದಾಡುತ್ತಾರೆ.

ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುವುಮುರುವಾಯಿತು. ನೆನಪಿನಿಂದ ಬರೆಯುವ ವಿಧಾನವನ್ನು ಜನ ಬೇಗ ಕೈಬಿಡುವುದು ಇದಕ್ಕೇ: ಕಷ್ಟ ಇವತ್ತೇ ಕಾಣುತ್ತದೆ, ಫಲ ಮುಂದಿನ ವಾರ.

ಒಂದು ಸಲ ಕೂತಾಗ ಮಾಡಬೇಕಾದದ್ದು

1. ಓದು ಮುಗಿಯುವಷ್ಟರಲ್ಲಿ ಏನು ಮಾಡಲು ಬರಬೇಕು ಎಂದು ಚೀಟಿಯಲ್ಲಿ ಬರೆಯಿರಿ. ‘ರಸಾಯನಶಾಸ್ತ್ರ ಓದುವುದು’ ಎಂದು ಬರೆದರೆ ಅದಕ್ಕೆ ಕೊನೆಯೇ ಇಲ್ಲ. ‘ತಟಸ್ಥೀಕರಣದ ಐದು ಸಮೀಕರಣಗಳನ್ನು ನೋಡದೆ ಬರೆದು ಸರಿದೂಗಿಸುವುದು’ ಎಂದರೆ ಮುಗಿಯಿತೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

2. ನಾಲ್ಕರಿಂದ ಆರು ಪುಟ ಓದಿ. ಪೆನ್ನು ಬೇಡ. ಪ್ರತಿ ಉಪಶೀರ್ಷಿಕೆಯನ್ನು ಪ್ರಶ್ನೆಯಾಗಿ ತಿರುಗಿಸಿಕೊಂಡು ಉತ್ತರ ಹುಡುಕುವಂತೆ ಓದಿ.

3. ಪುಸ್ತಕ ಮುಚ್ಚಿ. ಖಾಲಿ ಹಾಳೆಯ ಮೇಲೆ ಎಂಟು–ಹತ್ತು ನಿಮಿಷ ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ: ಅಂಶ, ಸೂತ್ರ, ಒರಟಾದರೂ ಸರಿ ಚಿತ್ರ. ಅಕ್ಷರ ಚೆಂದವಿರಬೇಕಿಲ್ಲ.

4. ತಡೆದಲ್ಲಿ ಕೂಡಲೇ ಪುಸ್ತಕ ತೆರೆಯಬೇಡಿ. ಅರ್ಧ ನಿಮಿಷವಾದರೂ ತಡಕಾಡಿ. ಸಿಗದಿದ್ದರೂ ಆ ತಡಕಾಟ ವ್ಯರ್ಥವಲ್ಲ. ಆಮೇಲೆ ನೋಡಿದ ಉತ್ತರ ಗಟ್ಟಿಯಾಗಿ ನಿಲ್ಲುತ್ತದೆ.

5. ಈಗ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಕೆಂಪು ಶಾಯಿಯಲ್ಲಿ ತುಂಬಿ. ಹಾಳೆಗೆ ತಾರೀಖು ಹಾಕಿ ತೆಗೆದಿಡಿ. ಮುಂದಿನ ಸಲ ಓದಬೇಕಾದದ್ದು ಆ ಕೆಂಪು ಭಾಗವನ್ನು, ಇಡೀ ಪಾಠವನ್ನಲ್ಲ.

ಇದು ಕೆಡುವುದು ಮುಖ್ಯವಾಗಿ ಎರಡು ಕಡೆ. ಬರೆಯುವ ಬದಲು ಮನಸ್ಸಿನಲ್ಲೇ ಹೇಳಿಕೊಂಡರೆ ಅರ್ಧ ಗೊತ್ತಿದ್ದದ್ದೂ ಪೂರ್ತಿ ಗೊತ್ತಿರುವಂತೆ ಭಾಸವಾಗುತ್ತದೆ. ಬೇಸರವಾದರೆ ಗಟ್ಟಿಯಾಗಿ ಬಾಯಲ್ಲಿ ಹೇಳಿ, ಮೌನವಾಗಿ ಬೇಡ. ಇನ್ನೊಂದು, ತಾಳೆ ನೋಡದೆ ಬಿಡುವುದು. ಹಾಗೆ ಬಿಟ್ಟರೆ ತಪ್ಪೇ ಬಾಯಿಪಾಠವಾಗುತ್ತದೆ.

ಅರ್ಥವೇ ಆಗದ ಪಾಠಕ್ಕೆ ಈ ಕ್ರಮ ಔಷಧಿಯಲ್ಲ. ಮೊದಲು ಅದನ್ನು ವಿಷಯ ತಿಳಿಯದ ಒಬ್ಬರಿಗೆ ಹೇಳುವಂತೆ ವಿವರಿಸಿ. ‘ಅದು ಹಾಗೇ ಇರುತ್ತೆ’ ಎಂಬ ಮಾತು ಬಾಯಿಗೆ ಬಂದ ಜಾಗದಲ್ಲೇ ತೂತಿದೆ. ಮೇಷ್ಟ್ರ ಬಳಿ ‘ಈ ಪಾಠ ಅರ್ಥವಾಗಲಿಲ್ಲ’ ಎಂದು ಹೋಗುವುದಕ್ಕಿಂತ ‘ಎರಡನೇ ಸಾಲಿನಿಂದ ಮೂರನೆಯದಕ್ಕೆ ಹೇಗೆ ಬಂತು’ ಎಂದು ಕೇಳಿದರೆ ಉತ್ತರ ಐದೇ ನಿಮಿಷದಲ್ಲಿ ಸಿಗುತ್ತದೆ.

ಹೈಲೈಟರ್ ಬಗ್ಗೆ ಎರಡೇ ಮಾತು. ಮನೋವಿಜ್ಞಾನಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಕಲಿಕಾ ವಿಧಾನಗಳನ್ನು ಒರೆಗೆ ಹಚ್ಚಿದಾಗ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳಿಗೆ ಹಂಚುವುದು ಮೇಲಿನ ಸಾಲಿನಲ್ಲಿ ನಿಂತವು. ಗೆರೆ ಹಾಕುವುದು, ಮತ್ತೆ ಮತ್ತೆ ಓದುವುದು ಕೆಳಗಿನ ಸಾಲಿಗೆ ಹೋದವು. ಬಣ್ಣ ಬಳಿಯಲೇಬೇಕಿದ್ದರೆ ಮುಚ್ಚಿ ಬರೆದ ನಂತರ, ಬಿಟ್ಟುಹೋದ ಸಾಲಿಗೆ ಮಾತ್ರ ಬಳಿಯಿರಿ.

ಗಣಿತದ ದಾರಿ ಬೇರೆ

ಬಿಡಿಸಿದ ಲೆಕ್ಕ ಓದಿ ತಲೆಯಾಡಿಸುವುದು ಗಣಿತದಲ್ಲಿ ‘ಮತ್ತೆ ಓದುವುದ’ಕ್ಕೆ ಸಮ. ಎರಡು ಉದಾಹರಣೆಗಳನ್ನು ಸಾಲು ಸಾಲಾಗಿ, ಪ್ರತಿ ಹೆಜ್ಜೆಗೂ ಕಾರಣ ಹೇಳಿಕೊಳ್ಳುತ್ತ ನೋಡಿ. ಮೂರನೆಯದರ ಉತ್ತರವನ್ನು ಹಾಳೆಯಿಂದ ಮುಚ್ಚಿ, ಒಂದು ಸಾಲು ಬರೆದು ಒಂದು ಸಾಲು ಸರಿಸಿ ತಾಳೆ ನೋಡಿ. ನಾಲ್ಕನೆಯದರಿಂದ ಪೂರ್ತಿ ನಿಮ್ಮದೇ.

ಅಧ್ಯಾಯದ ಕೊನೆಯ ಅಭ್ಯಾಸದಲ್ಲಿ ಒಂದು ಮೋಸವಿದೆ. ವರ್ಗ ಸಮೀಕರಣದ ಅಧ್ಯಾಯದಲ್ಲಿ ಯಾವ ಸೂತ್ರ ಹಾಕಬೇಕೆಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಪರೀಕ್ಷೆಯಲ್ಲಿ ಲೆಕ್ಕ ಯಾವ ಜಾತಿಯದೆಂದು ಗುರುತಿಸುವುದೇ ಅರ್ಧ ಕೆಲಸ. ಆದ್ದರಿಂದ ವಾರಕ್ಕೆರಡು ದಿನ ನಾಲ್ಕು ಅಧ್ಯಾಯಗಳಿಂದ ಎರಡೆರಡು ಲೆಕ್ಕ ಆರಿಸಿ, ಕಲಸಿ, ಯಾವ ಅಧ್ಯಾಯದ್ದೆಂದು ಬರೆದುಕೊಳ್ಳದೆ ಬಿಡಿಸಿ. ತಪ್ಪು ಹೆಚ್ಚಾಗುತ್ತದೆ, ಎದೆಗುಂದಬೇಕಿಲ್ಲ. ಜೊತೆಗೆ ಒಂದು ತಪ್ಪಿನ ಪುಸ್ತಕವಿರಲಿ: ಏನು ಬರೆದೆ, ಏಕೆ ತಪ್ಪಿತು, ಮುಂದಿನ ಸಲ ಯಾವ ಜಾಗ ನೋಡಬೇಕು ಎಂಬ ಮೂರು ಕಾಲಂ. ‘ಗಮನ ಇರಲಿಲ್ಲ’ ಎಂಬುದು ಕಾರಣವಲ್ಲ. ‘ಆವರಣ ಬಿಡಿಸುವಾಗ ಋಣ ಚಿಹ್ನೆ ಬಿಟ್ಟೆ’ ಎಂಬುದು ಕಾರಣ.

ಯಾವಾಗ ಮತ್ತೆ ನೋಡಬೇಕು

ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹಾಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದಂತೆ ಮರೆವು ಮೊದಲಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ ನಡೆಯುತ್ತದೆ. ಮರೆಯತೊಡಗಿದ ಹೊತ್ತಿಗೆ ನೆನಪಿಸಿಕೊಂಡರೆ ಮರೆವಿನ ವೇಗ ಇಳಿಯುತ್ತದೆ. ಸ್ಥೂಲ ಲೆಕ್ಕ: ಪರೀಕ್ಷೆಗೆ ಉಳಿದಿರುವ ದಿನಗಳ ಹತ್ತರಿಂದ ಇಪ್ಪತ್ತು ಶೇಕಡಾದಷ್ಟು ಅಂತರ. ಮೂವತ್ತು ದಿನ ಇದ್ದರೆ ಮೂರರಿಂದ ಆರು ದಿನಕ್ಕೊಮ್ಮೆ. ಇಡೀ ವರ್ಷಕ್ಕಾದರೆ ಮರುದಿನ, ನಾಲ್ಕನೇ ದಿನ, ಹತ್ತನೇ ದಿನ, ಮೂರು ವಾರಕ್ಕೆ, ಆಮೇಲೆ ತಿಂಗಳಿಗೊಮ್ಮೆ ಎಂದಿಟ್ಟುಕೊಳ್ಳಿ. ಒಂದೆರಡು ದಿನ ಹೆಚ್ಚುಕಡಿಮೆಯಾದರೆ ಏನೂ ಮುಳುಗುವುದಿಲ್ಲ.

ಬಿಡಿ ಅಂಶಗಳಿಗೆ ಕಾರ್ಡ್ ಒಳ್ಳೆಯದು. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆ ವಿಧಾನ ಇಂದಿಗೂ ಸಾಕು: ಐದು ಖಾನೆ, ಸರಿ ಹೇಳಿದ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದ್ದು ಮೊದಲ ಖಾನೆಗೆ. ಮೊದಲ ಖಾನೆ ದಿನಾ, ಎರಡನೆಯದು ಎರಡು ದಿನಕ್ಕೆ, ಮೂರನೆಯದು ನಾಲ್ಕು ದಿನಕ್ಕೆ, ನಾಲ್ಕನೆಯದು ವಾರಕ್ಕೆ, ಐದನೆಯದು ಹದಿನೈದು ದಿನಕ್ಕೆ ತೆಗೆದರೆ ನಡೆಯುತ್ತದೆ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ. ‘ಹೃದಯ’ ಎಂದು ಬರೆದ ಕಾರ್ಡ್ ನಿರುಪಯೋಗಿ; ‘ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ದಪ್ಪ ಏಕೆ?’ ಎಂದು ಕೇಳಿ. ದಿನಕ್ಕೆ ಹತ್ತು–ಹದಿನೈದಕ್ಕಿಂತ ಹೆಚ್ಚು ಹೊಸ ಕಾರ್ಡ್ ಮಾಡಬೇಡಿ. ಉತ್ಸಾಹದಲ್ಲಿ ಅರವತ್ತು ಮಾಡಿದವರಿಗೆ ಎರಡನೇ ವಾರದಲ್ಲಿ ಹಳೆಯವೇ ರಾಶಿ ಬಿದ್ದು ಪೆಟ್ಟಿಗೆ ಮೂಲೆ ಸೇರುತ್ತದೆ.

ಮೂರನೇ ದಿನಕ್ಕೆ ಮುರಿಯದ ಟೈಮ್‌ಟೇಬಲ್

ಓದಿನ ಗಂಟೆಗಳನ್ನು ಮೊದಲು ಬರೆದು ಉಳಿದದ್ದನ್ನು ನಿದ್ದೆಗೆ ಬಿಡುವ ಟೈಮ್‌ಟೇಬಲ್ ಹಿಂದುಮುಂದಾದದ್ದು. ನಿದ್ದೆ, ಊಟ, ಓಡಾಟ, ಮನೆಗೆಲಸ ಮೊದಲು ಬರೆಯಿರಿ. ಉಳಿದ ಗಂಟೆಗಳ ನಾಲ್ಕನೇ ಒಂದು ಭಾಗ ಖಾಲಿ ಬಿಡಿ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಒಂದು ಪಾಠ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬಾಕಿ ಬಿದ್ದದ್ದು ಆ ಖಾಲಿ ಜಾಗಕ್ಕೆ ಹೋಗಲಿ. ನಾಳೆಯ ಪಾಠದ ಮೇಲೆ ಇಂದಿನದನ್ನು ಹೇರಿದರೆ ಎರಡೂ ಕೆಡುತ್ತವೆ.

ಕೂರಲು ಮನಸ್ಸಾಗದಿದ್ದರೆ ಸಮಯಕ್ಕಿಂತ ಒಂದು ಘಟನೆಗೆ ಓದನ್ನು ಗಂಟು ಹಾಕಿ: ‘ಸಂಜೆ ಮುಖ ತೊಳೆದು ಬಂದ ಕೂಡಲೇ ನಿನ್ನೆಯ ಕೆಂಪು ಶಾಯಿಯ ಹಾಳೆ ತೆಗೆಯುತ್ತೇನೆ.’ 25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಕ್ರಮ ಶುರುಮಾಡಲು ಚೆನ್ನಾಗಿದೆ. ಉದ್ದದ ಲೆಕ್ಕ, ಪ್ರಬಂಧಗಳಿಗೆ ಮಾತ್ರ ಅದು ತುಂಡು ತುಂಡು. 50 ನಿಮಿಷಕ್ಕೆ 10 ನಿಮಿಷ ಬಿಡುವಿರಲಿ. ಬಿಡುವಿನಲ್ಲಿ ಎದ್ದು ನಡೆಯಿರಿ, ನೀರು ಕುಡಿಯಿರಿ, ದೂರದ ವಸ್ತು ನೋಡಿ. ಫೋನ್ ಸೈಲೆಂಟ್ ಮಾಡಿ ಮೇಜಿನ ಮೇಲಿಡುವುದರಿಂದ ಪ್ರಯೋಜನ ಕಡಿಮೆ, ಇನ್ನೊಂದು ಕೋಣೆಯಲ್ಲಿಡಿ.

ನಿದ್ದೆಯೂ ಓದಿನ ಭಾಗ

ಹಗಲು ಕಲಿತದ್ದು ಗಟ್ಟಿಯಾಗುವ ಕೆಲಸ ಬಹುಪಾಲು ನಿದ್ದೆಯಲ್ಲಿ ನಡೆಯುತ್ತದೆ. ಹದಿಹರೆಯದವರಿಗೆ ರಾತ್ರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು. ನಿದ್ದೆಗೆಟ್ಟು ಎರಡು ಪಾಠ ಹೆಚ್ಚು ಓದಿದವರು ಆ ಎರಡನ್ನೂ, ಹಿಂದಿನ ನಾಲ್ಕನ್ನೂ ಮಸುಕಾಗಿ ಹೊತ್ತುಕೊಂಡು ಹೋಗುತ್ತಾರೆ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ಮಲಗುವ ಸಮಯ ಸರಿಪಡಿಸಲು ಆಗದಿದ್ದರೆ ಏಳುವ ಸಮಯವನ್ನು ರಜೆಯಲ್ಲೂ ಬದಲಿಸಬೇಡಿ, ಮಲಗುವುದು ತಾನೇ ದಾರಿಗೆ ಬರುತ್ತದೆ. ಮಧ್ಯಾಹ್ನದ ನಿದ್ದೆ 20 ನಿಮಿಷಕ್ಕೆ ಅಲಾರಂ ಇಟ್ಟು ಸಾಕುಮಾಡಿ, ಹೆಚ್ಚಾದರೆ ಎದ್ದ ಮೇಲೆ ಮಂಪರು. ದಿನಕ್ಕೆ ಅರ್ಧ ಗಂಟೆ ಬಿರುಸಾದ ನಡಿಗೆಯೋ ಆಟವೋ ಪರೀಕ್ಷೆಯ ವಾರದಲ್ಲೂ ಇರಲಿ.

ಆತಂಕ ಪೂರ್ತಿ ಹೋಗಬೇಕಿಲ್ಲ. ಎದೆ ಬಡಿತ ಏರಿದಾಗ ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ, ಎರಡು–ಮೂರು ನಿಮಿಷ. ಉಸಿರು ಬಿಡುವುದು ಉದ್ದವಾಗಬೇಕು, ಜೋರಾಗಿ ಎಳೆದರೆ ತಲೆ ತಿರುಗುತ್ತದೆ. ಪರೀಕ್ಷೆಯ ಭಯಕ್ಕೆ ಇನ್ನೂ ಒಳ್ಳೆಯ ಮದ್ದು, ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯುವುದು. ಕನಿಷ್ಠ ಮೂರು.

ಆದರೆ ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಇಷ್ಟವಾಗಿದ್ದದ್ದೂ ಬೇಡವಾದರೆ, ನಿದ್ದೆ–ಹಸಿವು ಏರುಪೇರಾದರೆ ಅದಕ್ಕೆ ಟೈಮ್‌ಟೇಬಲ್ ಪರಿಹಾರವಲ್ಲ. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಸಾಯುವ ಯೋಚನೆ ಅಥವಾ ನೋವು ಮಾಡಿಕೊಳ್ಳುವ ಯೋಚನೆ ಬಂದರೆ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಅವತ್ತೇ ಒಬ್ಬ ಹಿರಿಯರಿಗೆ ನೇರವಾಗಿ ಹೇಳಿ, ಒಬ್ಬರೇ ಇರಬೇಡಿ, ಸಹಾಯವಾಣಿಗೆ ಕರೆ ಮಾಡಿ ಇಲ್ಲವೇ ಆಸ್ಪತ್ರೆಗೆ ಹೋಗಿ.

ಹಾಲ್‌ನಲ್ಲಿ, ಆಮೇಲೆ

ಹಿಂದಿನ ದಿನ ಹೊಸ ಪಾಠ ಬೇಡ. ಕೆಂಪು ಶಾಯಿಯ ಹಾಳೆಗಳು ಮಾತ್ರ. ಮೂರು ಗಂಟೆ, ನೂರು ಅಂಕವಾದರೆ ಓದಲು, ಮರಳಿ ನೋಡಲು 15 ನಿಮಿಷ ತೆಗೆದಿಟ್ಟು ಅಂಕಕ್ಕೆ ಸುಮಾರು ಒಂದೂವರೆ ನಿಮಿಷ ಎಂದು ಲೆಕ್ಕ ಹಿಡಿಯಿರಿ: ಐದು ಅಂಕಕ್ಕೆ ಎಂಟು ನಿಮಿಷ ಮೀರಬಾರದು. ಏನೂ ತೋಚದಿದ್ದರೆ ಜಾಗ ಬಿಟ್ಟು ಮುಂದಕ್ಕೆ ಹೋಗಿ, ಬೇರೆ ಉತ್ತರ ಬರೆಯುವಾಗ ಅದರ ಎಳೆ ಸಿಗುವುದು ಸಾಮಾನ್ಯ. ಹೊರಗೆ ಬಂದ ಮೇಲೆ ಉತ್ತರ ತಾಳೆ ಹಾಕುವ ಗುಂಪಿನಲ್ಲಿ ನಿಲ್ಲಬೇಡಿ, ನಾಳೆಯ ಪರೀಕ್ಷೆಗೆ ಅದರಿಂದ ಬರುವುದು ಏನೂ ಇಲ್ಲ. ಉತ್ತರಪತ್ರಿಕೆ ಕೈಗೆ ಬಂದ ದಿನ ಕಳೆದ ಅಂಕಗಳನ್ನು ನಾಲ್ಕಾಗಿ ವಿಂಗಡಿಸಿ: ಓದಿರಲಿಲ್ಲ, ಓದಿದ್ದು ನೆನಪಾಗಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ಹೊತ್ತು ಸಾಲಲಿಲ್ಲ. ಎರಡನೆಯದು ದೊಡ್ಡದಿದ್ದರೆ ಮುಚ್ಚಿ ಬರೆಯುವ ಸಲಗಳನ್ನು ಹೆಚ್ಚಿಸಿ, ನಾಲ್ಕನೆಯದಾದರೆ ಗಡಿಯಾರ ಇಟ್ಟು ಬರೆಯುವ ಪತ್ರಿಕೆಗಳನ್ನು.