ನಕ್ಷತ್ರ ಬಿಟ್ಟು ಒಡೆದ ಕಪ್ ಎಣಿಸಿದೆ: ಕುಂಬಾರಿಕೆ ಕ್ಲಾಸಿನ ರೇಟಿಂಗ್ ಸರಿಮಾಡಿದ ನನ್ನ ಅನುಭವ

ನಮ್ಮ ವೀಕೆಂಡ್ ಕುಂಬಾರಿಕೆ ಕ್ಲಾಸಿನಲ್ಲಿ ಇಬ್ಬರು ಟೀಚರ್. ಒಬ್ಬರು ಆರ್ಟ್ ಕಾಲೇಜಿನಲ್ಲಿ ಓದಿದ ಹುಡುಗ, ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಇನ್ನೊಬ್ಬರು ಖಾನಾಪುರದ ಕಡೆಯ ಅಕ್ಕ, ಮೂರು ತಲೆಮಾರಿನಿಂದ ಮಣ್ಣಿನ ಕೆಲಸ ಮಾಡಿದ ಮನೆಯವರು. ಬುಕಿಂಗ್ ಆಪ್‌ನಲ್ಲಿ ಹುಡುಗನಿಗೆ 4.8, ಅಕ್ಕನಿಗೆ 3.9. 4.5 ದಾಟಿದರೆ ಬ್ಯಾಚಿಗೆ 3,000 ರೂಪಾಯಿ ಬೋನಸ್ ಅಂತ ನಾನೇ ನಿಯಮ ಮಾಡಿದ್ದೆ. ಹೆಚ್ಚುಕಮ್ಮಿ ಒಂದೂವರೆ ವರ್ಷ ಅಕ್ಕನಿಗೆ ಒಂದು ಸಲವೂ ಬೋನಸ್ ಸಿಗಲಿಲ್ಲ.

ಒಂದು ಸೋಮವಾರ ಭಟ್ಟಿ ತೆಗೆದಾಗ ವಿಷಯ ಕಣ್ಣಿಗೆ ಬಿತ್ತು. ಕಪ್ಪಿನ ತಳದಲ್ಲಿ ಹೆಸರು, ಬ್ಯಾಚ್ ಕೊರೆಯೋ ರೂಢಿ ನಮ್ಮದು. ಎರಡೂ ಬ್ಯಾಚಿನ ಕಪ್ಪುಗಳನ್ನ ಬೇರೆ ಬೇರೆ ಸಾಲಿನಲ್ಲಿ ಇಟ್ಟೆ. ಹುಡುಗನ ಬ್ಯಾಚಿನ ಮೂವತ್ತು ಚಿಲ್ಲರೆ ಕಪ್ಪುಗಳಲ್ಲಿ ಒಂಬತ್ತು ಬಿರುಕು ಬಿಟ್ಟಿದ್ದವು. ಅಕ್ಕನ ಬ್ಯಾಚಿನಲ್ಲಿ ಎರಡೇ ಎರಡು. ತಿರುಗಿಸಿ ನೋಡಿದರೆ ಗೋಡೆಯೂ ಒಂದೇ ದಪ್ಪ, ತಳವೂ ಒತ್ತಿ ಒತ್ತಿ ಗಟ್ಟಿ ಮಾಡಿದ್ದು. ಕಲಿಸಿದ್ದು ಯಾರು, ರೇಟಿಂಗ್ ಬಂದಿದ್ದು ಯಾರಿಗೆ ಅಂತ ಹೊಟ್ಟೆಯಲ್ಲಿ ಸಂಕಟ ಆಯಿತು.

ಆ ರಾತ್ರಿ ಕೂತು ಹಳೆಯ ರಿವ್ಯೂ ಎಲ್ಲ ಓದಿದೆ. ಅಕ್ಕನ ಹೆಸರಿನ ಕೆಳಗೆ ಇದ್ದ ದೂರುಗಳಲ್ಲಿ ಅರ್ಧದಷ್ಟು ಅಕ್ಕನ ಬಗ್ಗೆ ಅಲ್ಲವೇ ಅಲ್ಲ. ಪಾರ್ಕಿಂಗ್ ಇಲ್ಲ, ಸೆಕೆ, ಕೈ ತೊಳೆಯಲು ನೀರು ಬರಲಿಲ್ಲ. ಯಾಕೆಂದರೆ ಅವರದ್ದು ಭಾನುವಾರ ಮಧ್ಯಾಹ್ನ ಎರಡೂವರೆಯ ಪಾಳಿ, ಮೇಲೆ ಶೀಟ್, ಪಕ್ಕದಲ್ಲಿ ಕಲ್ಯಾಣ ಮಂಟಪ. ಮುಹೂರ್ತ ಇದ್ದ ದಿನ ಊಟದ ಹೊತ್ತಿಗೆ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗ ಇರಲ್ಲ. ಹುಡುಗನದ್ದು ಬೆಳಿಗ್ಗೆ ಹತ್ತಕ್ಕೆ, ತಂಪು ಹೊತ್ತು.

ಇದಕ್ಕೆ ಮೊದಲು ನಾನು ಮಾಡಿದ ತಪ್ಪುಗಳಿಗೆ ಸಾಕಷ್ಟು ದುಡ್ಡು ಹೋಗಿದೆ. ಒಂದು ಏಜೆನ್ಸಿಗೆ 12,000 ಕೊಟ್ಟೆ, ನಲವತ್ತು ರಿವ್ಯೂ ಹಾಕಿಸಿದರು, ತಿಂಗಳೊಳಗೆ ಮುಕ್ಕಾಲು ಪಾಲು ಮಾಯ. ಆಮೇಲೆ ರಿವ್ಯೂ ಬರೆದವರಿಗೆ ಮುಂದಿನ ಕ್ಲಾಸಿನಲ್ಲಿ ಹತ್ತು ಪರ್ಸೆಂಟ್ ರಿಯಾಯಿತಿ ಇಟ್ಟೆ. ಎಲ್ಲರೂ ಐದೇ ಕೊಟ್ಟರು, ಓದಿದರೆ ಒಂದಕ್ಷರ ಉಪಯೋಗ ಇಲ್ಲ. ಇದೂ ಗೂಗಲ್ ನಿಯಮಕ್ಕೆ ವಿರುದ್ಧ, ಖುಷಿಯಾದವರಿಗೆ ಮಾತ್ರ ಲಿಂಕ್ ಕಳಿಸೋದೂ ವಿರುದ್ಧ. ನವೆಂಬರ್ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆ ಅಂತ ನಮ್ಮ ದೇಶದ್ದೇ ಐಎಸ್ 19000 ಅನ್ನೋ ಮಾನದಂಡ ಬಂತಲ್ಲ, ಅದರಲ್ಲೂ ದುಡ್ಡು ಕೊಟ್ಟು ಬರೆಸಿದ ರಿವ್ಯೂಗೆ ಜಾಗ ಇಲ್ಲ. ಈ ಎರಡರ ಸಹವಾಸ ಯಾರಿಗೂ ಬೇಡ.

ಇನ್ನೊಂದು ತಪ್ಪು, ಕೇಳುವ ಹೊತ್ತು. ಕೊನೆಯ ಕ್ಲಾಸಿನಲ್ಲಿ ಹಸಿ ಕಪ್ ಹಿಡಿದು ಫೋಟೋ ತೆಗೆಸಿಕೊಂಡ ಕೂಡಲೇ ಕೇಳಿದರೆ ಯಾರಾದರೂ ಐದು ಕೊಡ್ತಾರೆ. ಅದೇ ಕಪ್ ಭಟ್ಟಿಯಲ್ಲಿ ಒಡೆದ ಮೇಲೆ ಕೇಳಿ ನೋಡಿ.

ಮೊದಲು ಪಾಳಿ ಅದಲುಬದಲು ಮಾಡಿದೆ, ಮೂರು ಬ್ಯಾಚ್. ಹುಡುಗನದ್ದು 4.4ರ ಹತ್ತಿರ ಇಳಿಯಿತು, ಅಕ್ಕನದ್ದು 4.3ಕ್ಕೆ ಏರಿತು. ಟೀಚರ್ ಅದೇ, ಮಣ್ಣು ಅದೇ. ಅಂದರೆ ಅಂತರದ ದೊಡ್ಡ ಪಾಲು ಸೆಕೆ ಮತ್ತು ಪಾರ್ಕಿಂಗ್‌ನದ್ದು.

ಆಮೇಲೆ ನಕ್ಷತ್ರ ಪೂರ್ತಿ ಬಿಟ್ಟೆ. ಮೊದಲ ದಿನ ದುಡ್ಡು ಕಟ್ಟಿದ ಎಲ್ಲರಿಗೂ ಚೀಟಿ, ನಡುವೆ ಬಿಟ್ಟು ಹೋದವರಿಗೂ. ಅವರಿಗೆ ನಾನೇ ಫೋನ್ ಮಾಡ್ತೀನಿ, ಹತ್ತರಲ್ಲಿ ಐದಾರು ಜನ ಮಾತಾಡ್ತಾರೆ. ಚೀಟಿ ಕೊಡೋದು ಕಪ್ ಮನೆಗೆ ಹೋಗಿ ಹತ್ತು ದಿನ ಆದ ಮೇಲೆ. ಎರಡು ಚೀಟಿ. ಒಂದರಲ್ಲಿ ಜಾಗ, ನೀರು, ಸೆಕೆ, ಪಾರ್ಕಿಂಗ್. ಅದರ ಮೇಲಿನ ಸಿಟ್ಟು ಅಲ್ಲೇ ಇಳಿದು ಹೋಗ್ತದೆ. ಇನ್ನೊಂದರಲ್ಲಿ ಟೀಚರ್ ಬಗ್ಗೆ ಮೂರೇ ಪ್ರಶ್ನೆ. ತಿಗರಿ (ಕುಂಬಾರರ ಚಕ್ರ) ಮೇಲೆ ಮಣ್ಣನ್ನ ಮಧ್ಯಕ್ಕೆ ನೀವೇ ತಂದಿರಾ, ಅವರು ಕೈ ಹಿಡಿದು ತಂದರಾ? ಎಷ್ಟು ಪಾತ್ರೆ ಒಡೆಯದೆ ಮನೆಗೆ ಬಂತು? ಮೂರನೆಯದನ್ನ ಮಾತ್ರ ಇಲ್ಲಿ ಹೇಳಲ್ಲ, ಅದನ್ನ ಹುಡುಕೋಕೆ ನನಗೆ ಎಂಟು ತಿಂಗಳು ಬೇಕಾಯ್ತು. ಸುಮ್ನೆ ಒಂದು ಸಲ ಚೀಟಿಗಳನ್ನ ಹಿಂದುಮುಂದು ಮಾಡಿ ನೋಡಿದೆ. ಟೀಚರ್ ಚೀಟಿ ಮೊದಲು ಕೊಟ್ಟರೆ ಪಾರ್ಕಿಂಗ್ ಸಿಟ್ಟೂ ಅವರ ತಲೆಗೇ ಬರ್ತಿತ್ತು.

ಐದಾರು ಜನರ ಬ್ಯಾಚಿನಲ್ಲಿ ಒಬ್ಬರಿಗೆ ಬೇಜಾರಾದರೂ ಸರಾಸರಿ ನೆಲಕಚ್ಚುತ್ತೆ. ಅದಕ್ಕೆ ಸಿನಿಮಾ ರೇಟಿಂಗ್ ವೆಬ್‌ಸೈಟ್ ಐಎಂಡಿಬಿಯವರು ಟಾಪ್ 250 ಪಟ್ಟಿಗೆ ಮಾಡುವ ಹಾಗೆ ಸಣ್ಣ ಬ್ಯಾಚಿನ ಅಂಕವನ್ನ ಒಟ್ಟು ಸರಾಸರಿ ಕಡೆಗೆ ಎಳೀತೀನಿ. ಎಷ್ಟು ಎಳೀತೀನಿ ಅನ್ನೋದು ನನ್ನ ಶೀಟಿನಲ್ಲೇ ಇರಲಿ. ನಿಮ್ಮ ಹಳೆಯ ಬ್ಯಾಚುಗಳ ಮೇಲೆ ಹಾಕಿ ನೋಡಿದರೆ ನಿಮ್ಮ ಸಂಖ್ಯೆ ನಿಮಗೇ ಸಿಗುತ್ತೆ.

ಮಳೆಗಾಲದ್ದು ಬೇರೆಯೇ ಕಥೆ. ಜುಲೈನಲ್ಲಿ ಕಪ್ ಒಣಗೋದೇ ಇಲ್ಲ, ಒಳಗೆ ಉಳಿದ ನೀರು ಭಟ್ಟಿಯಲ್ಲಿ ಆವಿಯಾಗಿ ಸಿಡಿಸುತ್ತೆ. "ಸರ, ಮಣ್ಣ ಒಣಗಿಲ್ಲಂದ್ರ ಭಟ್ಟಿ ಹಚ್ಚಬ್ಯಾಡ್ರಿ" ಅಂತ ಅಕ್ಕ ಎಷ್ಟೋ ಸಲ ಹೇಳಿದ್ದರು. ನಾನು ಡೇಟ್ ಕೊಟ್ಟಾಗಿದೆ ಅಂತ ಹಚ್ಚಿಸಿದ್ದೆ, ಏಟು ಅವರ ರೇಟಿಂಗ್‌ಗೆ ಬಿತ್ತು. ಈಗ ಜುಲೈ ಬ್ಯಾಚನ್ನ ಜುಲೈ ಬ್ಯಾಚಿನ ಜೊತೆ ಮಾತ್ರ ಹೋಲಿಸ್ತೀನಿ. ಚೀಟಿಯನ್ನ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚು ಹಾಕಿಸಿದ ಮೇಲೆ ಇನ್ನೊಂದು ಗೊತ್ತಾಯಿತು. ಕನ್ನಡದಲ್ಲಿ ಬರೆಯುವವರು ಎರಡು ಸಾಲು ಜಾಸ್ತಿನೇ ಬರೀತಾರೆ, ಅಕ್ಕನ ಕೈಚಳಕದ ಬಗ್ಗೆ ಬರೀತಾರೆ. ಅವರಲ್ಲಿ ಬಹಳ ಜನ ಆಪ್‌ನಲ್ಲಿ ಒಂದು ಸಲವೂ ರೇಟಿಂಗ್ ಕೊಟ್ಟವರಲ್ಲ.

ಗಿಟಾರ್ ಕ್ಲಾಸ್ ನಡೆಸುವ ಗೆಳೆಯ "ಜನ ಸ್ಟಾರ್ ನೋಡೇ ಬರೋದು ಮಾರಾಯ, ನಿನ್ನ ಚೀಟಿ ಯಾರು ಓದ್ತಾರೆ?" ಅಂದಿದ್ದ. ಮೊದಲ ಎರಡು ತಿಂಗಳು ಅವನು ಹೇಳಿದ್ದೇ ಆಯಿತು. ರಿವ್ಯೂ ಬರೀರಿ ಅಂತ ಎಲ್ಲರಿಗೂ ಒಂದೇ ಮೆಸೇಜ್ ಕಳಿಸೋಕೆ ಶುರು ಮಾಡಿದ್ದಕ್ಕೆ ಹೊರಗಿನ ರೇಟಿಂಗ್ ಇಳಿಯಿತು, ಬುಕಿಂಗ್ ಬಿದ್ದು ಸುಮಾರು 50,000 ನಷ್ಟ. ಆದರೆ ಎರಡನೇ ಹಂತದ ಕ್ಲಾಸಿಗೆ ಮೊದಲು ಹತ್ತರಲ್ಲಿ ಒಬ್ಬರು ವಾಪಸ್ ಬರ್ತಿದ್ದರು, ಈಗ ನಾಲ್ಕರಲ್ಲಿ ಒಬ್ಬರು ಬರ್ತಾರೆ, ಆ ನಷ್ಟ ಅದರಲ್ಲೇ ತುಂಬಿತು. ಹೊಸ ಲೆಕ್ಕದಲ್ಲಿ ಇಬ್ಬರು ಟೀಚರ್ ಸರಿಸುಮಾರು ಸಮ, ಸೆಂಟರಿಂಗ್, ಅಂದರೆ ಮಣ್ಣನ್ನ ಮಧ್ಯಕ್ಕೆ ತರೋದನ್ನ ಕಲಿಸೋದರಲ್ಲಿ ಅಕ್ಕ ಮುಂದೆ. ಹುಡುಗನೇ ಈಗ ಬುಧವಾರ ಸಂಜೆ ಅವರ ಹತ್ತಿರ ಕೂತು ತಳ ಒತ್ತೋದು ಕಲೀತಿದ್ದಾನೆ. ಗೆಳೆಯ ಕಳೆದ ತಿಂಗಳು ಬಂದು ಚೀಟಿಯ ಪ್ರತಿ ತಗೊಂಡು ಹೋದ.

ಹಳೆಯ ಬೋನಸ್ ಬಾಕಿ ಲೆಕ್ಕ ಹಾಕಿ 40,000ದಷ್ಟು ಅಕ್ಕನ ಕೈಗೆ ಕೊಟ್ಟೆ. ಎಣಿಸಲೂ ಇಲ್ಲ. "ರೊಕ್ಕ ಇರ್ಲಿ ಸರ, ಆ ಮಧ್ಯಾಹ್ನದ ಪಾಳಿ ಒಂದ್ ಬಿಡಸ್ರಿ" ಅಂದರು. ಈಗ ಆ ಪಾಳಿ ಇಬ್ಬರಿಗೂ ತಿಂಗಳು ಬಿಟ್ಟು ತಿಂಗಳು.

ಮಕ್ಕಳ ಬ್ಯಾಚಿನದ್ದು ಇನ್ನೂ ಬಗೆಹರಿದಿಲ್ಲ. ಅಲ್ಲಿ ಮಣ್ಣು ಮುಟ್ಟೋದು ಮಗು, ಚೀಟಿ ತುಂಬೋದು ಅಪ್ಪ ಅಮ್ಮ. ಈ ಬೇಸಿಗೆಯಲ್ಲಿ ಬಾಗಿಲ ಹತ್ತಿರ ಎರಡು ಬಟ್ಟಲು ಇಟ್ಟು, ಹೊರಡುವಾಗ ಪ್ರತಿ ಮಗುವಿನ ಕೈಗೂ ಒಂದು ಮಣ್ಣಿನ ಗೋಲಿ ಕೊಡ್ತಿದ್ದೀನಿ.